ಚಹಾಕ್ಕೆ ಕರೆಯುತ್ತಿದ್ದ ಕಂಪ್ಯೂಟರು

ದೆವ್ವ, ಭೂತ, ಸತ್ತವರು ಕರೆಯುವುದು, ಇಂಥವನ್ನೆಲ್ಲ ನಾನು ನಂಬಿದವನೇ ಅಲ್ಲ. ಯಾರಾದರೂ ಹೇಳತೊಡಗಿದರೆ "ಮೊದಲ ಫ್ಯೂಸ್ ನೋಡೀರೇನ್ರಿ?" ಎಂದು ಚೇಷ್ಟೆ ಮಾಡಿ ಎದ್ದು ಹೋಗುವವರ ಪೈಕಿ. ಹಾವೇರಿಯಲ್ಲಿ ಟೀವಿ ರಿಪೇರಿ ಮಾಡಿಕೊಂಡೇ ಅರ್ಧ ಆಯುಷ್ಯ ಕಳೆದವನು ನಾನು. ಸಪ್ಪಳ ಬಂತೆಂದರೆ ಅದಕ್ಕೊಂದು ತಂತಿ ಇರಬೇಕು, ತಂತಿಯೊಳಗೆ ಕರೆಂಟು ಇರಬೇಕು. ಈಗಲೂ ನನ್ನ ಮಾತು ಅದೇ. ಆದರೆ ಕೆಲವು ವರ್ಷಗಳ ಹಿಂದೆ ಬ್ಯಾಡಗಿಯಲ್ಲಿ ನಮ್ಮಕ್ಕನ ಮನೆಯೊಳಗೆ ಒಂದು ಮಧ್ಯಾಹ್ನ ನಡೆದದ್ದು ಮಾತ್ರ ಈ ಲೆಕ್ಕಕ್ಕೆ ಸಿಗುತ್ತಿಲ್ಲ. ನೀವು ನಕ್ಕರೆ ನನಗೇನೂ ಬೇಜಾರಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ.

ಜನ ಟೀವಿ ರಿಪೇರಿ ಮಾಡಿಸುವುದನ್ನು ಬಿಟ್ಟ ಮೇಲೆ ನನಗೆ ಹಳೇ ಕಂಪ್ಯೂಟರಿನ ಹುಚ್ಚು ಹತ್ತಿತು. ರಾಣೇಬೆನ್ನೂರಿನ ಗುಜರಿ ಅಂಗಡಿಗಳಲ್ಲಿ ಹುಡುಕಾಡಿ ಸತ್ತ ಮಶೀನು ಹೊತ್ತು ತರುವುದು, ಉಬ್ಬಿದ ಕೆಪಾಸಿಟರು ಕಿತ್ತು ಹೊಸದು ಕೂಡಿಸುವುದು, ಜಂಗು ತಿಕ್ಕುವುದು, ಮತ್ತೆ ಜೀವ ಬರಿಸುವುದು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಮೂಡಿದಾಗ ಆಗುವ ಸುಖ ನನ್ನ ಹೆಂಡತಿಗೆ ಎಂದೂ ತಿಳಿಯಲಿಲ್ಲ. "ಮಂದಿ ಹೊರಗ ಹಾಕಿದ್ದನ್ನ ನೀವು ಒಳಗ ತರ್ತೀರಿ," ಎಂದು ಬೈಯುತ್ತಲೇ ಒಂದು ಕೋಣೆ ಬಿಟ್ಟುಕೊಟ್ಟಳು, ಪುಣ್ಯಾತ್ಗಿತ್ತಿ.

ಈ ಹುಚ್ಚಿನ ಸುದ್ದಿ ಅಕ್ಕನಿಗೂ ಮುಟ್ಟಿತ್ತು. ಒಮ್ಮೆ ಹೋದಾಗ ಪಡಸಾಲೆಯ ಮೂಲೆಯಲ್ಲಿ ಕೌದಿ ಹೊದ್ದು ಕೂತಿದ್ದ ಕಂಪ್ಯೂಟರನ್ನು ತೋರಿಸಿ, "ಇದರ ಸಪ್ಪಳ ಒಮ್ಮೆ ಕೇಳಸ್ತಿ ಏನು ತಮ್ಮಾ? ನನ್ನ ಕಿವಿ ಪೂರಾ ಹೋಗೂದ್ರಾಗ?" ಎಂದಳು.

ಅಕ್ಕನ ಕಿವಿ ದಿನದಿನಕ್ಕೆ ಮಂದವಾಗುತ್ತಿತ್ತು. ಕಿವಿಗೆ ಮಶೀನು ಹಾಕಿಕೊಂಡರೆ ತುಸು ಕೇಳುತ್ತಿತ್ತು. ತೆಗೆದರೆ ಕುಕ್ಕರಿನ ಸೀಟಿಯೂ ಇಲ್ಲ. ಇನ್ನು ಸ್ವಲ್ಪ ದಿನಕ್ಕೆ ಮಶೀನಿನಿಂದಲೂ ಉಪಯೋಗವಾಗಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದರು.

ಆ ಕಂಪ್ಯೂಟರು ಅವಳ ಗಂಡನದು. ನಾನು ಮಾಮಾ ಅನ್ನುತ್ತಿದ್ದೆ. ಬ್ಯಾಡಗಿಯಲ್ಲಿ ಯಾರೂ ಕಂಪ್ಯೂಟರಿನ ಮುಖ ನೋಡದ ಕಾಲದಲ್ಲಿ ಮಾಮಾ ಅದೇ ಪಡಸಾಲೆಯಲ್ಲಿ ಕ್ಲಾಸು ಸುರು ಮಾಡಿದರು. ಕ್ಲಾಸಿನ ನಡುವೆ ಅವರಿಗೆ ಚಹಾ ಬೇಕು. ಕರೆಯುವುದು ಹ್ಯಾಂಗ? ಹೆಂಡತಿಯ ಹೆಸರು ಹಿಡಿದು ಕರೆಯುವ ರೂಢಿ ಆ ಮನೆಯಲ್ಲಿರಲಿಲ್ಲ. "ಏ, ಕೇಳಿಸ್ತೇನು?" ಎಂದು ಕೂಗಲಿಕ್ಕೆ ಎದುರಿಗೆ ಕಲಿಯುವ ಹುಡುಗಿಯರು ಕೂತಿರುತ್ತಿದ್ದರು, ಮಾಮಾ ಮೊದಲೇ ನಾಚಿಕೆಯ ಮನುಷ್ಯ. ಅದಕ್ಕೆ ಕಂಪ್ಯೂಟರಿಗೇ ಒಂದು ಸಣ್ಣ ರಾಗ ಕಲಿಸಿಬಿಟ್ಟರು. ಒಂದು ಗುಂಡಿ ಒತ್ತಿದರೆ ಅದು ಪೀಂ ಪೀಂ ಎನ್ನಬೇಕು, ಅಡಿಗೆಮನೆಯಿಂದ ಅಕ್ಕ "ಬಂದೇರಿ" ಅನ್ನಬೇಕು. ಕ್ಲಾಸೆಲ್ಲ ಮುಸಿಮುಸಿ ನಗುತ್ತಿತ್ತಂತೆ. ಆಗ ನಾನು ಪುಣೆಯಲ್ಲಿ ಕೆಲಸಕ್ಕಿದ್ದೆ, ಊರಿಗೆ ಬರುವುದು ಹಬ್ಬಕ್ಕೆ, ಹಬ್ಬದಲ್ಲಿ ಕ್ಲಾಸಿಗೆ ಸೂಟಿ. ಹಾವೇರಿಗೆ ಮರಳುವಷ್ಟರಲ್ಲಿ ಕ್ಲಾಸೇ ನಿಂತಿತ್ತು, ಹೀಗಾಗಿ ಆ ರಾಗ ನಾನು ಒಮ್ಮೆಯೂ ಕೇಳಿದವನಲ್ಲ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಕೌದಿ ಸರಿಸಿ ಮಶೀನು ಬಿಚ್ಚಿದೆ. ಒಳಗೆಲ್ಲ ಹಳದಿ! ಮಾಮಾ ತೀರಿಹೋದ ಮೇಲೂ ಅಕ್ಕ ಪ್ರತಿ ದಸರೆಯ ಖಂಡೇಪೂಜೆಗೆ ಅದಕ್ಕೆ ದೇವರಗುಡ್ಡದ ಭಂಡಾರ, ಅಂದರೆ ಅರಿಷಿಣದ ಪುಡಿ, ಹಾಕುತ್ತಿದ್ದಳು, ಬರೇ ಮೇಲೆ ಅಲ್ಲ, ಫ್ಲಾಪಿ ತೂರಿಸುವ ಬಾಯೊಳಗೂ ಒಂದೊಂದು ಚಿಟಿಕೆ. "ದೇವರ ಪ್ರಸಾದ, ಬಾಯಿಗೆ ಹಾಕಬೇಕಲ್ಲ," ಎಂದಳು. ನಾನು ಹಣೆ ಬಡಿದುಕೊಂಡೆ. ರಾಗವಿದ್ದ ಫ್ಲಾಪಿ ಅದರೊಳಗೇ ಇತ್ತು, ಬೂಷ್ಟು ಮತ್ತು ಭಂಡಾರ ಕೂಡಿ ಹಕ್ಕಳೆಗಟ್ಟಿತ್ತು. ಸ್ಪಿರಿಟ್ಟು, ಕುಂಚ, ಎಲ್ಲ ಪ್ರಯತ್ನ ಮಾಡಿದೆ. ಒಂದಕ್ಷರವೂ ಉಳಿದಿರಲಿಲ್ಲ. ಒಳಗಿನ ಮುಖ್ಯ ಬೋರ್ಡೂ ಜಂಗು ಹಿಡಿದು ಹೋಗಿತ್ತು.

ಅಕ್ಕನ ಮುಖ ನೋಡಲಾಗಲಿಲ್ಲ. "ನಾನ ಹಾಳ ಮಾಡಿದ್ನಲ್ಲೋ," ಎಂದು ಕಣ್ಣೀರು ಹಾಕಿದಳು.  "ಹೋಗಲಿ ಬಿಡ, ಹೊಸಾದ ಮಾಡೂಣು," ಎಂದೆ.

ಹಾಗೆ ನನ್ನ ಕೈಯಾರೆ ಒಂದು ಕಂಪ್ಯೂಟರು ಕಟ್ಟಿದೆ. ಹಳೇ ಕಾಲದ ಚಿಪ್ಪು, ರಾಣೇಬೆನ್ನೂರಿನ ಗುಜರಿಯಲ್ಲಿ ಸಿಕ್ಕ ಸಣ್ಣ ಟೀವಿ, ಮಾಮಾನ ಕೀಬೋರ್ಡು, ನಾನೇ ಬೆಸೆದ ತಂತಿಗಳು. ನೋಡಲಿಕ್ಕೆ ಸಂತೆಗೆ ಹೊರಟ ಗಂಟಿನ ಹಾಗಿತ್ತು, ಆದರೆ ಗುಂಡಿ ಒತ್ತಿದರೆ ಹೇಳಿದ ರಾಗ ನುಡಿಯುತ್ತಿತ್ತು. ಯಾವ ರಾಗ ಅನ್ನುವುದೇ ತೊಂದರೆ. "ಕೇಳಿದ್ರ ಗುರ್ತ ಹಿಡೀತೀನಿ, ಅನ್ನಾಕ ಬರೂದಿಲ್ಲ," ಎನ್ನುತ್ತಿದ್ದಳು ಅಕ್ಕ. ಹಾವೇರಿಯಲ್ಲಿ ಹೊಸ ಹೊಸ ರಾಗ ಕೂಡಿಸುವುದು, ಬ್ಯಾಡಗಿಗೆ ಒಯ್ದು ಕೇಳಿಸುವುದು. ಅವಳು ಕಣ್ಣು ಮುಚ್ಚಿ ಕೇಳಿ, ಇದಲ್ಲ ಎಂದು ಮೆಲ್ಲಗೆ ತಲೆ ಅಲ್ಲಾಡಿಸುವುದು. ಪ್ರತಿ ಸಲವೂ ಅವಳು ಕಿವಿಯನ್ನು ಇನ್ನಷ್ಟು ಹತ್ತಿರ ತರಬೇಕಾಗುತ್ತಿತ್ತು. ಅದನ್ನು ನೋಡಿ ನನಗೆ ಒಳಗೊಳಗೇ ದಿಗಿಲು.

ಆ ದಿನವೂ ಹೋಗಿದ್ದೆ. ಮೆಣಸಿನಕಾಯಿ ಸುಗ್ಗಿ, ಊರೆಲ್ಲ ಘಾಟು, ಸೀನಿ ಸೀನಿ ಸಾಕಾಗಿತ್ತು. ಊಟವಾದ ಮೇಲೆ ಕರೆಂಟು ಹೋಯಿತು. "ಸಪ್ಪಳ ಭಾಳ ದಪ್ಪಾತು, ಅವರದು ಸಣ್ಣಗಿತ್ತು," ಎಂದು ಅಕ್ಕ ಅಂದಿದ್ದಳು. ಅದಕ್ಕೆ ಮಾಮಾನ ಹಳೇ ಮಶೀನಿನ ಪುಟ್ಟ ಸ್ಪೀಕರು ಕತ್ತರಿಸಿ ತೆಗೆದು ಇದಕ್ಕೆ ಕೂಡಿಸೋಣ ಅಂತ ಕೂತೆ. ಅಕ್ಕ ಮುಖ ತೊಳೆಯಲು ಕಿವಿಯ ಮಶೀನು ತೆಗೆದು ನನ್ನ ಮುಂದಿನ ಮೇಜಿನ ಮೇಲಿಟ್ಟು ಹಿತ್ತಲಿಗೆ ಹೋದಳು, ಅಲ್ಲಿಂದ ಅಡಿಗೆಮನೆಗೆ. ನಾನು ಕಟ್ಟಿದ ಕಂಪ್ಯೂಟರಿನ ಪ್ಲಗ್ಗು ಕಿತ್ತು ನೆಲದ ಮೇಲಿತ್ತು. ಸ್ಪೀಕರು ನನ್ನ ಎಡ ಅಂಗೈಯಲ್ಲಿತ್ತು, ಅದರ ಎರಡೂ ತಂತಿ ಎಲ್ಲಿಗೂ ಸೇರಿರಲಿಲ್ಲ.

ಆಗ ಅದು ನುಡಿಯಿತು.

ಮೊದಲು ಎರಡು ಗಿಡ್ಡ ಸ್ವರ. ತುಸು ತಡೆದು ಕೆಳಗಿನದೊಂದು. ಕೊನೆಗೆ, ಏನೋ ಕೇಳಿದ ಹಾಗೆ, ಮೇಲೆದ್ದು ನಿಂತ ಒಂದು. ಬಹಳ ಸಣ್ಣ ಸಪ್ಪಳ. ಅಂಗೈಯಲ್ಲಿ ಅದರ ಕಾಗದದ ಪೊರೆ ನಡುಗಿದ್ದು ನನಗೆ ತಿಳಿಯಿತು. ಆ ನಡುಕವನ್ನು ಈಗಲೂ ಅಂಗೈ ಮರೆತಿಲ್ಲ.

"ಬಂದೇರಿ," ಎಂದು ಅಕ್ಕ ಒಳಗಿನಿಂದ ಅಂದಳು.

ತಮ್ಮನಾದ ನನಗೆ ಅವಳು ಎಂದೂ ಹಾಗೆ ಬಹುವಚನ ಹಚ್ಚಿದವಳಲ್ಲ. ಕಿವಿಯ ಮಶೀನು ನನ್ನೆದುರಿಗೇ ಬಿದ್ದಿತ್ತು. ಚಹಾದ ಕಪ್ಪು ಹಿಡಿದು ಬಂದು, ನನ್ನ ಮುಂದೆ ಇಡದೆ, ಕೀಬೋರ್ಡಿನ ಬಲಕ್ಕೆ ಇಟ್ಟಳು. ಆಮೇಲೆ ನನ್ನನ್ನು ನೋಡಿ ಗಲಿಬಿಲಿಯಾಗಿ, "ನಿನಗ ತರತೀನಿ ತಡಿ," ಎಂದು ಒಳಗೆ ಹೋದಳು.

 ಹೊರಗೆ ಬಂದು ಓಣಿ ನೋಡಿದೆ, ಯಾರೂ ಇಲ್ಲ. ಫೋನು ನೋಡಿದೆ, ಬಂದಾಗಿತ್ತು. ಕರೆಂಟಿನ ಮೀಟರನ್ನೂ ನೋಡಿದೆ, ಎಷ್ಟಂದರೂ ಹುಟ್ಟುಗುಣ. ಅಕ್ಕನಿಗೆ ಏನೂ ಹೇಳಲಿಲ್ಲ. ಕರೆಂಟು ಬಂದ ಮೇಲೆ ಸ್ಪೀಕರು ಬೆಸೆದು, ನಾನು ಕೇಳಿದ್ದನ್ನು ಕೇಳಿದ ಹಾಗೇ ಕಂಪ್ಯೂಟರಿಗೆ ಕೂಡಿಸಿ, ಅವಳಿಗೆ ಕಿವಿಯ ಮಶೀನು ಕೊಟ್ಟು ಗುಂಡಿ ಒತ್ತಿದೆ.

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. "ಇದ. ಇದ ನೋಡ. ನಿನಗ ಹ್ಯಾಂಗ ಗೊತ್ತಾತು?"

"ಈಗ ಕೇಳಿಸ್ತು. ನೀ ಚಹಾ ತರೂಕಿಂತ ಮುಂಚೆ."

ಅವಳು ಕುರ್ಚಿ ಎಳೆದು ನನ್ನ ಹತ್ತಿರ ಕೂತಳು. ಆಮೇಲೆ ಹೇಳಿದಳು: ಮಾಮಾ ಹೋದಾಗಿನಿಂದಲೂ ಅವಳಿಗೆ ಅದು ಆಗಾಗ ಕೇಳಿಸುತ್ತಿತ್ತು, ಕಿವಿ ಮಂದವಾದ ಮೇಲೂ. ಮಂದಕಿವಿ ತನ್ನಷ್ಟಕ್ಕೆ ಸಪ್ಪಳ ಹುಟ್ಟಿಸುತ್ತದೆ ಅಂದಿದ್ದರಂತೆ ಡಾಕ್ಟರು. ಅವಳ ಮಗಳು ಗಾಬರಿಯಾಗಿ, ಅಮ್ಮನ ತಲೆಗೆ ಏನೋ ಆಗಿದೆ ಎಂದು ಅತ್ತಿದ್ದಳಂತೆ. ಅಂದಿನಿಂದ ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ. ತಾನು ಕೇಳುತ್ತಿರುವುದು ಖರೇ ರಾಗವೋ, ಬರೇ ಕಿವಿಯ ಆಟವೋ, ಅದೊಂದನ್ನು ತಾಳೆ ನೋಡಲಿಕ್ಕೆ ನನಗೆ ಕಂಪ್ಯೂಟರು ರಿಪೇರಿ ಮಾಡಲು ಹೇಳಿದ್ದಳು.

"ನನ್ನ ಕಿವಿ ಬಿಡು," ಎಂದು ನನ್ನ ಕೈ ಹಿಡಿದಳು. "ನಿನ್ನ ಕಿವಿ ಚಲೋ ಅದಾವು. ನಿನಗೂ ಕೇಳಿಸ್ತಲ್ಲ."

ಆಮೇಲೆ ಎಷ್ಟೋ ಮಧ್ಯಾಹ್ನ ಬೇಕಂತಲೇ ಅಲ್ಲಿ ಕೂತಿದ್ದೇನೆ. ಸ್ಪೀಕರು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡೂ ನೋಡಿದ್ದೇನೆ. ನನಗೆ ಮತ್ತೆ ಕೇಳಿಸಿಲ್ಲ, ಯಾಕೆಂದು ತಿಳಿದೂ ಇಲ್ಲ. ಅಕ್ಕನಿಗೆ ಈಗ ಕಿವಿ ಪೂರಾ ಹೋಗಿದೆ, ನಾನು ಗುಂಡಿ ಒತ್ತಿದರೆ ಅವಳಿಗೆ ಗೊತ್ತಾಗುವುದಿಲ್ಲ. ಆದರೂ ಒಮ್ಮೊಮ್ಮೆ ಒಳಗಿನಿಂದ "ಬಂದೇರಿ" ಅನ್ನುತ್ತಾಳೆ. ನಾನು ಎದ್ದು, ಕೀಬೋರ್ಡಿನ ಬಲಕ್ಕೆ ಹರಡಿದ ನನ್ನ ಸ್ಕ್ರೂಡ್ರೈವರು, ತಂತಿ ಎಲ್ಲ ಸರಿಸಿ, ಕಪ್ಪಿಗೆ ಜಾಗ ಮಾಡುತ್ತೇನೆ.