ಪಾಂಗಣ್ಣನ ಬೆನ್ನು, ಬಾಕಿ ಉಳಿದ ಒಂದು ಸಹಿ

ನಮ್ಮ ಚೊಂಗ್‌ಚಿಂಗ್ ನಗರದ ಹಮಾಲಿ ಪಾಂಗ್ ಗ್ವಾಂಗ್‌ರುಂಗ್ ಒಮ್ಮೆ ನಾವಿರುವ ಹನ್ನೊಂದು ಮಹಡಿಯ ಕಟ್ಟಡವನ್ನೇ ತನ್ನ ಬಿದಿರು ಕೋಲಿನ ಒಂದು ತುದಿಗೆ ಕಟ್ಟಿ, ತೂಕ ಸರಿಹೋಗಲೆಂದು ಇನ್ನೊಂದು ತುದಿಗೆ ಪಕ್ಕದ ಗುಡ್ಡವನ್ನು ತೂಗುಹಾಕಿ, ನದಿ ದಾಟಿಸಿ ವಾಪಸು ತಂದಿಟ್ಟಿದ್ದಾನೆ. ನಾನು ಒಳಗೇ ಇದ್ದೆ. ಲೋಟದ ಚಹಾ ಕೂಡ ತುಳುಕಲಿಲ್ಲ.

ಈಗ ಬೆಳಗಿನ ಐದೂವರೆ. ಅರವತ್ತೊಂದರ ಪಾಂಗಣ್ಣ ಕೆಳಬೀದಿಯಲ್ಲಿ ಖಾರದ ನೂಡಲ್ಸ್ ಮುಗಿಸಿ, ಆರನೇ ಮಹಡಿಗೆ ಹತ್ತಿ, ಕೋಲನ್ನು ಗೋಡೆಗೊರಗಿಸಿ ಕುಕ್ಕರಗಾಲಲ್ಲಿ ಕೂರುತ್ತಾನೆ. ಎಂಬತ್ತರ ರಾನ್ ಅಜ್ಜಿ ಅವನ ಬೆನ್ನೇರುತ್ತಾಳೆ. ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲಿ ಅವಳಿಗೆ ಡಯಾಲಿಸಿಸ್. ಕಟ್ಟಡಕ್ಕೆ ಲಿಫ್ಟ್ ಇಲ್ಲ.

"ನಿಧಾನ ಕಣೋ, ನಾನೇನು ಫ್ರಿಜ್ಜಾ?"

"ಫ್ರಿಜ್ ಆದ್ರೆ ಬಾಯಿ ಮುಚ್ಕೊಂಡಿರುತ್ತೆ, ಅಜ್ಜೀ."

ಈ ಕಸುಬಿಗೆ ಮೂವತ್ತೆರಡು ವರ್ಷ. ಹೊಸದರಲ್ಲಿ ಪಾಂಗಣ್ಣ ಬೀರುವೊಂದನ್ನು ಕೆಳಬೀದಿಯಿಂದ ಬೇರೊಂದು ಕಟ್ಟಡದ ಹನ್ನೊಂದನೇ ಮಹಡಿಗೆ ಹೊತ್ತು, ಬಾಗಿಲು ತೆರೆದರೆ ಎದುರಿಗೇ ರಸ್ತೆ, ಬಸ್ಸು! ಗುಡ್ಡಕ್ಕೊರಗಿ ನಿಂತ ಕಟ್ಟಡ ಅದು, ಗುಡ್ಡದ ಮೇಲಿನವರಿಗೆ ಆ ಮಹಡಿಯೇ ನೆಲ. "ಲಾರಿ ಅಲ್ಲೇ ನಿಲ್ಲಿಸ್ಬೋದಿತ್ತು. ಬೀರು ನನ್ನ ನೋಡಿ ನಕ್ಕಂಗಾಯ್ತು," ಎನ್ನುತ್ತಾನೆ. ದಿನಕ್ಕೀಗ ಎರಡು ಸಾವಿರ ಮೆಟ್ಟಿಲು. ನಾನಾದರೆ ಇಪ್ಪತ್ತು ಲಕ್ಷ ಎಂದೇ ಬರೆಯುತ್ತಿದ್ದೆ, ಅವನು ಬಿಡಲಿಲ್ಲ. ಎದುರಿನ ಗಾಜಿನ ಗೋಪುರಗಳಿಗೆ ಕಲ್ಲು ಹೊತ್ತವನೂ ಅವನೇ. ಈಗ ಅಲ್ಲಿನ ಕಾವಲುಗಾರ ಕೋಲು ಕಂಡೊಡನೆ ಹಿಂದಿನ ಬಾಗಿಲು ತೋರಿಸುತ್ತಾನೆ.

ನಮಗೂ ಲಿಫ್ಟ್ ಬರಬಹುದು. ನಲವತ್ತನಾಲ್ಕು ಮನೆಗಳೂ ಸಹಿ ಹಾಕಬೇಕು, ನಲವತ್ತಮೂರು ಹಾಕಿವೆ. ನಾಳೆ ಕೊನೆಯ ದಿನ.

ಎರಡನೇ ಮಹಡಿಯಲ್ಲಿ, ನನ್ನ ಬಾಗಿಲ ಮುಂದೆ, ಪಾಂಗಣ್ಣ ಅಜ್ಜಿಯನ್ನು ಕುರ್ಚಿಗಿಳಿಸಿ ಮಂಡಿ ಒತ್ತಿಕೊಳ್ಳುತ್ತಾನೆ.

"ಸಭೆಯಲ್ಲಿ ನಿನ್ನ ಪರವಾಗಿ ಗುಡುಗಿದೆ, ಪಾಂಗಣ್ಣ!" ಎನ್ನುತ್ತೇನೆ. "ಲಿಫ್ಟ್ ಬಂದ್ರೆ ನಿನ್ನ ಹೊಟ್ಟೆಪಾಡೇನು ಅಂದೆ. ಮೂರು ಬೀದಿಯ ಗಾಜು ಒಡೆದ್ವು!"

"ಸಾಮಾನು ತಾನಾಗೇ ನಡ್ಕೊಂಡು ಲಿಫ್ಟಿಗೆ ಹೋಗುತ್ತಾ, ಮೇಷ್ಟ್ರೇ? ನನ್ನ ಹೊಟ್ಟೆ ನಾನು ನೋಡ್ಕೋತೀನಿ. ಈ ಮಂಡಿ ಕೈಕೊಟ್ರೆ ಅಜ್ಜೀನ ಯಾರು ಇಳಿಸ್ತಾರೆ? ಬಾಲ್ಕನೀಲಿ ನಿಮ್ಮ ಸಾಸೇಜ್ ಒಣಗಲ್ಲ ಅಂತ ನೇರವಾಗಿ ಹೇಳಿ."

"ಲಿಫ್ಟಿನ ಗೋಡೆ ಅಡ್ಡ ಬಂದ್ರೆ ಬಿಸಿಲು ಬೀಳಲ್ವಂತಾ?" ಅಜ್ಜಿ ಕೇಳುತ್ತಾಳೆ. "ಈ ಮಂಜಿನೂರಲ್ಲಿ ಬಿಸಿಲು ಯಾವತ್ತು ಬಿದ್ದಿತ್ತಪ್ಪಾ?"

ಸರಿ, ಒಪ್ಪಿದೆ. ಕಟ್ಟಡ ನದಿ ದಾಟಿಲ್ಲ. ಗಾಜು ಒಡೆದಿಲ್ಲ. ನಲವತ್ತನಾಲ್ಕನೆಯ ಮನೆ ನನ್ನದು. ಹೊಸವರ್ಷಕ್ಕೆಂದು ಬಾಲ್ಕನಿಯಲ್ಲಿ ತೂಗುಬಿಟ್ಟ ಹನ್ನೆರಡು ಸಾಸೇಜ್‌ಗಾಗಿ ಒಬ್ಬ ಮುದುಕಿಯನ್ನು ಮೆಟ್ಟಿಲ ಮೇಲೆ ತಡೆದಿಟ್ಟವನು ನಾನೇ.

ಪಾಂಗಣ್ಣ ಅಂಗಿಯೊಳಗಿಂದ ಮಡಚಿದ ಅರ್ಜಿ ತೆಗೆಯುತ್ತಾನೆ. ಇಟ್ಟು ಬರೆಯಲು ಏನೂ ಇಲ್ಲ. ಅವನು ಬೆನ್ನು ಬಗ್ಗಿಸುತ್ತಾನೆ.

"ಒತ್ತಿ ಬರೀರಿ ಮೇಷ್ಟ್ರೇ. ಇದೊಂದು ಭಾರವಾ ನಂಗೆ?"