ಶಮಶೇರಸಾಬನ ರೋಜಾ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊಲಿಯುವ ಶಮಶೇರಸಾಬ ಐವತ್ತೆಂಟು ವರ್ಷದ ಬಾಳಿನಲ್ಲಿ ಒಂದು ರೋಜಾವನ್ನೂ ಪೂರ್ತಿ ಹಿಡಿದವನಲ್ಲ. ಘಾಟಿನಲ್ಲಿ ಕೆಲಸ, ಗಂಟಲು ಒಣಗುತ್ತದೆ ಎಂಬುದು ಪ್ರತಿ ರಂಜಾನಿನ ನೆಪ. ಚೀಲಗಳ ಮರೆಯಲ್ಲಿ ಗೆಳೆಯ ಮಹಮ್ಮದ್ ಹನೀಫನ ಜೊತೆ ಮಿರ್ಚಿಭಜಿ ತಿಂದು, ಕುದಿಯುವ ಚಹಾ ಕುಡಿದು, ಸಂಜೆ ಇಫ್ತಾರಿಗೆ ಎಲ್ಲರಿಗಿಂತ ಮೊದಲು ಹೋಗಿ ಕುಳಿತಿರುತ್ತಿದ್ದ.

ಹೋದ ವರ್ಷ ಎದೆಯ ಹತ್ತಿರ ರೊಟ್ಟಿ ಸಿಕ್ಕಿಕೊಳ್ಳತೊಡಗಿತು. ಆಮೇಲೆ ಅನ್ನ, ಆಮೇಲೆ ಗಂಜಿಯೂ. ಅನ್ನನಾಳದ ಕ್ಯಾನ್ಸರ್ ಎಂದರು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಅನ್ನನಾಳ ತೆಗೆದು, ಜಠರವನ್ನೇ ಕೊಳವೆಯಂತೆ ಮಾಡಿ, ಎದೆಯೊಳಗಿಂದ ಮೇಲಕ್ಕೆಳೆದು ಜೋಡಿಸಿದರು. ಇನ್ನು ದಿನಕ್ಕೆ ಏಳು ಸಲ ಊಟ, ಸಲಕ್ಕೆ ಅರ್ಧ ಬಟ್ಟಲು. ಉಣ್ಣುವಾಗ ನೀರು ಕುಡಿಯುವಂತಿಲ್ಲ, ಉಂಡ ಕೂಡಲೇ ಮಲಗುವಂತಿಲ್ಲ. ಎರಡು ತಾಸಿಗೊಮ್ಮೆ ಹೆಂಡತಿ ಹುಸೇನಬಿಯ ಮೊಬೈಲು ಊಟಕ್ಕೆ ಕೂಗುತ್ತಿತ್ತು. ಹಸಿವೆ ಮಾತ್ರ ಕೂಗುತ್ತಿರಲಿಲ್ಲ.

ಅಷ್ಟರಲ್ಲಿ ರಂಜಾನ್ ಬಂತು. ಒಂದು ಮಧ್ಯಾಹ್ನ ಹನೀಫ ಮಾತಾಡಿಸಲು ಬಂದ. ಹಳೆಯ ರೂಢಿಯಂತೆ ಚಹಾ ಮಾಡಿಸಲೇ ಎಂದು ಶಮಶೇರಸಾಬ ಕೇಳಿದರೆ ಅವನು ಬೇಡವೆಂದು ತಲೆಯಾಡಿಸಿದ.

"ಈ ಸರ್ತಿ ಒಂದೂ ಬಿಡದ ರೋಜಾ ಹಿಡಿಯಾಕತ್ತೇನಿ. ನಿನ್ನ ನೋಡಿ ಅಂಜಿಕಿ ಬಂತು."

ಆಗಲೇ ಮೊಬೈಲು ಕೂಗಿತು. ಶಮಶೇರಸಾಬ ಅವನೆದುರೇ ಇಡ್ಲಿ ಅಗಿಯಬೇಕಾಯಿತು. ಅಷ್ಟು ವರ್ಷ ಕದ್ದು ತಿಂದಾಗ ಬಾರದ ನಾಚಿಕೆ, ಡಾಕ್ಟರ ಅಪ್ಪಣೆಯ ಮೇಲೆ ತಿನ್ನುವಾಗ ಬಂತು.

ಮರುದಿನ ಮಸೀದಿಗೆ ಹೋಗಿ, ತಾನೂ ಒಂದು ರೋಜಾ ಹಿಡಿಯಬಹುದೇ ಎಂದು ಮೌಲಾನಾರನ್ನು ಕೇಳಿದ. ಇಂಥ ಕಾಯಿಲೆಯವರಿಗೆ ಮಾಫಿ ಇದೆ, ಬದಲಿಗೆ ದಿನಾ ಒಬ್ಬ ಬಡವನಿಗೆ ಊಟ ಹಾಕು ಎಂದರು ಅವರು. ಖರೇ ನೆಪ ಸಿಕ್ಕಾಗ ಅದು ಅವನಿಗೆ ಬೇಡವಾಗಿತ್ತು.

ಓಣಿಯ ಒಂಟಿ ಮುದುಕ ದಿಲಾವರ ಅಂದಿನಿಂದ ಸಂಜೆಯ ಊಟಕ್ಕೆ ಬರತೊಡಗಿದ. ದಿನವಿಡೀ ಉಪವಾಸವಿದ್ದು ಗಬಗಬನೆ ನುಂಗುವ ಅವನೆದುರು ಕುಳಿತು ಶಮಶೇರಸಾಬ ಡಾಕ್ಟರಂತೆ ಹೇಳುತ್ತಿದ್ದ.

"ಸಾವಕಾಶ ಉಣ್ರಿ ಕಾಕಾ. ಅಗದು ಅಗದು ನುಂಗ್ರಿ."

ದಿಲಾವರನ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ.

ಹಬ್ಬದ ದಿನ ತಡೆಯಲಾರದೆ ಶಮಶೇರಸಾಬ ಬಟ್ಟಲು ತುಂಬ ಶೀರ್‌ಖುರ್ಮಾ ಕುಡಿದುಬಿಟ್ಟ. ಕಾಲು ತಾಸಿನಲ್ಲಿ ಎದೆ ಹೊಡೆದುಕೊಳ್ಳತೊಡಗಿತು, ಬೆವರಿಳಿಯಿತು, ತಲೆ ತಿರುಗಿತು. ಹುಸೇನಬಿ ಫೋನ್ ಮಾಡಿದಾಗ ಡಾಕ್ಟರು, ಸಿಹಿ ಒಮ್ಮೆಲೇ ಕರುಳಿಗಿಳಿದರೆ ಹೀಗಾಗುತ್ತದೆ, ದಿಂಬಿಗೆ ಒರಗಿಸಿ ಕೂಡಿಸಿ ಎಂದರು. ಒಂದು ತಾಸಿನಲ್ಲಿ ಇಳಿಯಿತು.

ಮುಂದಿನ ತಪಾಸಣೆಯಲ್ಲಿ ತೂಕ ಕಡಿಮೆಯಾಗಿಲ್ಲವೆಂದು ಡಾಕ್ಟರು ಮೆಚ್ಚಿದರು. ಉಪವಾಸದ ತಿಂಗಳಲ್ಲಿ ಮೈ ತುಂಬಿಕೊಂಡವನು ದಿಲಾವರ. ಹಬ್ಬ ಮುಗಿದರೂ ಅವನು ಬರುವುದು ನಿಲ್ಲಿಸಲಿಲ್ಲ, ಹುಸೇನಬಿಯೂ ಬೇಡವೆನ್ನಲಿಲ್ಲ. ಎದುರಿಗೊಬ್ಬರು ಕುಳಿತು ಉಂಡರೆ ಗಂಡ ಎರಡು ತುತ್ತು ಹೆಚ್ಚು ತಿನ್ನುವುದನ್ನು ಅವಳು ನೋಡಿದ್ದಳು.