ಕಿವಿಯಕ್ಕನ ಎರಡನೇ ಗೆರೆ

ದರ್ಜಿ ಅಂಗಡಿಯ ಮೇಲಿನ ಕೋಣೆಯಲ್ಲಿ ಶ್ರವಣಯಂತ್ರ ರಿಪೇರಿ ಮಾಡುವ ಹೆಂಗಸನ್ನು ಬೀದಿಯವರೆಲ್ಲ ಕಿವಿಯಕ್ಕ ಎಂದೇ ಕರೆಯುತ್ತಿದ್ದರು. ಕೆಳಗಿನ ದರ್ಜಿ ಅವಳ ಗಂಡ. ಅವಳ ಮೇಜಿನ ಮುಕ್ಕಾಲು ಜಾಗವನ್ನು ಹಿಡಿದದ್ದು ಯಾವುದೋ ಕಾಲೇಜಿನವರು ಗುಜರಿಗೆ ಹಾಕಿದ್ದ ಆಸಿಲೋಸ್ಕೋಪು. ಸದ್ದನ್ನು ಪರದೆಯ ಮೇಲೆ ಹಸಿರು ಗೆರೆಯಾಗಿ ತೋರಿಸುವ ಯಂತ್ರ ಅದು. ವಯಸ್ಸಿನಲ್ಲಿ ಅವಳಿಗಿಂತ ಎರಡು ವರ್ಷ ದೊಡ್ಡದು. ಸಲಕ್ಕೆ ಒಂದೇ ಗೆರೆ ತೋರಿಸುತ್ತಿತ್ತು.

ಇಪ್ಪತ್ತು ವರ್ಷ ಅಷ್ಟೇ ಸಾಕಾಗಿತ್ತು. ತಕರಾರು ಬಂದದ್ದು ಮನೆಯೊಳಗಿನಿಂದ. ಅತ್ತೆಯ ಎರಡೂ ಕಿವಿಯ ಯಂತ್ರಗಳನ್ನು ಬಿಚ್ಚಿ ಸರಿಮಾಡಿಕೊಟ್ಟ ದಿನದಿಂದ ಅವರದು ಒಂದೇ ಗೊಣಗಾಟ.

"ನೀನು ಎದುರಿಗೆ ಕೂತು ಮಾತಾಡಿದ್ರೂ ಹಿಂದಿನಿಂದ ಯಾರೋ ಕರೆದ ಹಾಗಾಗುತ್ತೆ ಕಣೆ."

ಒಂದೊಂದಾಗಿ ಪರೀಕ್ಷಿಸಿದರೆ ಎರಡೂ ಸರಿಯಾಗಿದ್ದವು. "ಅಮ್ಮಂಗೆ ವಯಸ್ಸಾಯ್ತು ಬಿಡು," ಎಂದ ಗಂಡ. ಕಿವಿಯಕ್ಕ ಬಿಡುವವಳಲ್ಲ. ಎರಡನ್ನೂ ಒಟ್ಟಿಗೆ ನೋಡಬೇಕು ಅನ್ನಿಸಿತು. ಅಳತೆ ಚೀಟಿಯೊಂದರ ಬೆನ್ನಿಗೆ ನಕ್ಷೆ ಬರೆದಳು: ಒಂದು ಕ್ಷಣ ಈ ಕಿವಿಯದರ ಗೆರೆ, ಮರುಕ್ಷಣ ಆ ಕಿವಿಯದರದು, ಕಣ್ಣಿಗೆ ಎರಡೂ ಕಾಣುವಷ್ಟು ಬೇಗ ಬೇಗ ಬದಲಾಯಿಸುವ ಸರ್ಕ್ಯೂಟು. ಕೆಟ್ಟ ರೇಡಿಯೋಗಳ ಬಿಡಿಭಾಗ ಕಿತ್ತು ಬೆಸುಗೆ ಹಾಕಿ, ಆಸಿಲೋಸ್ಕೋಪಿನ ಹೊಟ್ಟೆಯಲ್ಲಿ ಖಾಲಿಯಿದ್ದ ಮೂಲೆಗೆ ಕೂರಿಸಿದಳು. ತಿರುಗಿಸುವ ಗುಬುಟು ಸಿಗದಿದ್ದಾಗ ಗಂಡನೇ ಒಂದು ದಪ್ಪ ಕೋಟುಗುಂಡಿ ತಂದುಕೊಟ್ಟ.

ಮೊದಲ ಸಲ ಗೆರೆಗಳೆರಡೂ ಜಡೆ ಹೆಣೆದಂತೆ ಒಂದರ ಮೇಲೊಂದು ಬಿದ್ದವು. ಒಂದನ್ನು ಮೇಲೆತ್ತಲು ಇನ್ನೊಂದು ಗುಬುಟು ಬೇಕಾಯಿತು, ಅಂದರೆ ಇನ್ನೊಂದು ಕೋಟುಗುಂಡಿ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಎರಡೂ ಬೇರೆ ಬೇರೆಯಾಗಿ ನಿಂತವು. ಅತ್ತೆಯ ಯಂತ್ರಗಳನ್ನು ಜೋಡಿಸಿ, ಅವುಗಳ ಮುಂದೆ ಸಣ್ಣದೊಂದು ಶಿಳ್ಳೆಯ ಸದ್ದು ಹಚ್ಚಿದಳು. ಎರಡೂ ಒಟ್ಟಿಗೇ ಏರಿಳಿಯಬೇಕಿತ್ತು; ಆದರೆ ಮೇಲಿನ ಗೆರೆ ಏರಿದಾಗೆಲ್ಲ ಕೆಳಗಿನದು ಇಳಿಯುತ್ತಿತ್ತು.

ಅವಳ ಮುಖ ಸಣ್ಣಗಾಯಿತು. "ತಪ್ಪು ನಂದೇ ಅತ್ತೆ. ಬಲಗಡೆದರ ತಂತಿ ಅದಲುಬದಲು ಮಾಡಿಬಿಟ್ಟಿದ್ದೀನಿ. ಆ ಕಿವಿಗೆ ಸದ್ದು ತಿರುವುಮುರುವಾಗಿ ಹೋಗ್ತಿತ್ತು, ಅದಕ್ಕೇ ದಿಕ್ಕು ತಪ್ತಿತ್ತು."

"ಅಂದ್ರೆ ನನ್ನ ತಲೆ ಸರಿಯಾಗೇ ಇತ್ತು ಅನ್ನು," ಎಂದರು ಅತ್ತೆ, ಬಲು ಖುಷಿಯಿಂದ.

ತಂತಿ ತಿರುಗಿಸಿ ಬೆಸೆದು ಹಾಕಿಕೊಟ್ಟಳು. ಅತ್ತೆ ಕೂತು ಆಲಿಸಿದರು. ಮೆಟ್ಟಿಲ ಬಳಿ ಗಂಡ ಗೊಣಗಿದ: "ಇನ್ಮೇಲೆ ಈ ಮನೇಲಿ ಪಿಸುಗುಟ್ಟೋ ಹಾಗೂ ಇಲ್ಲ."

"ಎಡಗಡೆ, ಮೆಟ್ಟಿಲ ಹತ್ರ," ಎಂದರು ಅತ್ತೆ, ತಿರುಗಿಯೂ ನೋಡದೆ.

ಮರುದಿನ ಬೆಳಿಗ್ಗೆ ಕಿವಿಯಕ್ಕ ಆ ತಿಂಗಳು ಜೋಡಿ ಯಂತ್ರ ರಿಪೇರಿ ಮಾಡಿಸಿಕೊಂಡಿದ್ದ ಐದೂ ಜನರಿಗೆ ಫೋನ್ ಮಾಡಿದಳು. "ಒಂದ್ಸಲ ಬಂದು ಹೋಗಿ. ಎರಡನ್ನೂ ಒಟ್ಟಿಗೆ ನೋಡೋಕೆ ಹೊಸ ದಾರಿ ಸಿಕ್ಕಿದೆ."